ಪುಟ್ಟ ಮಕ್ಕಳಿರುವ ಮನೆಗೆ ಎರಡನೆಯ ದೊಡ್ಡ ನಾಯಿ: ತರುವ ಮುನ್ನ ನಿರ್ಧರಿಸುವ ಬಗೆ

ಮನೆಯಲ್ಲಿ ಈಗಾಗಲೇ ಮೂವತ್ತು ಕಿಲೋ ತೂಗುವ ಒಂದು ನಾಯಿ ಇದೆ, ಆರು ವರ್ಷದೊಳಗಿನ ಒಂದೋ ಎರಡೋ ಮಕ್ಕಳಿದ್ದಾರೆ. ಅಷ್ಟರಲ್ಲಿ ಪರಿಚಿತರೊಬ್ಬರು ವಿದೇಶಕ್ಕೆ ಹೊರಟರೆಂದೋ, ಪ್ರಾಣಿಗಳ ಆಶ್ರಯಧಾಮದಲ್ಲಿ ಕಂಡ ಒಂದು ಮುಖ ಮನಸ್ಸಿನಿಂದ ಹೋಗುತ್ತಿಲ್ಲವೆಂದೋ ಇನ್ನೊಂದು ದೊಡ್ಡ ನಾಯಿಯನ್ನು ತರುವ ಮಾತು ಹುಟ್ಟಿಕೊಳ್ಳುತ್ತದೆ. ಹಿರಿಯರು ತಮ್ಮ ಆಸೆಯನ್ನು ಹೇಳಿಕೊಳ್ಳುತ್ತಾರೆ, ಮಾತು ಬಲ್ಲ ಮಕ್ಕಳು ಹಟ ಹಿಡಿಯುತ್ತಾರೆ. ಆದರೆ ಈ ನಿರ್ಧಾರದ ಪರಿಣಾಮವನ್ನು ಎಲ್ಲರಿಗಿಂತ ಹೆಚ್ಚು ಅನುಭವಿಸಬೇಕಾದ ಇಬ್ಬರು, ಅಂದರೆ ಮನೆಯ ಅತಿ ಚಿಕ್ಕ ಮಗು ಮತ್ತು ಈಗಿರುವ ನಾಯಿ, ಏನನ್ನೂ ಹೇಳಲಾರರು. ಮುಂದೆ ಬರೆದಿರುವ ಹಂತಗಳೆಲ್ಲವೂ ಆ ಇಬ್ಬರ ಪರವಾಗಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು.

ಮೈಸೂರಿನ ನಮ್ಮ ಮನೆಯಲ್ಲಿ ಈ ಪ್ರಶ್ನೆ ಎರಡು ಬಾರಿ ಎದ್ದಿತು. ಮೊದಲ ಸಲ ನಮ್ಮ ಲ್ಯಾಬ್ರಡಾರ್ ಭೀಮನಿಗೆ ನಾಲ್ಕು ವರ್ಷ, ಮಗಳಿಗೆ ಆರು, ಮಗನಿಗೆ ಎರಡು. ಆಗ ಪ್ರಯತ್ನಿಸಿ, ಮೂರು ವಾರದ ಕೊನೆಗೆ ಬೇಡವೆಂದು ನಿರ್ಧರಿಸಿದೆವು. ಮೂರು ವರ್ಷ ಕಳೆದ ಮೇಲೆ ಮತ್ತೆ ಪ್ರಯತ್ನಿಸಿದೆವು, ಆ ಸಲ ಬಂದ ನಾಯಿ ಈಗಲೂ ನಮ್ಮೊಡನಿದೆ. ಎರಡು ಸಲಕ್ಕೂ ನಮ್ಮ ಪ್ರೀತಿ ಒಂದೇ ಆಗಿತ್ತು. ಬದಲಾಗಿದ್ದದ್ದು ಮಗನ ವಯಸ್ಸು, ನಮ್ಮ ಕೈಯಲ್ಲಿದ್ದ ಬಿಡುವು ಮತ್ತು ನಾವು ಆರಿಸಿದ ನಾಯಿ.

ಹಂತ 1: ಏಕೆ ಬೇಕು ಎಂಬುದನ್ನು ಬರೆದಿಡಿ

ಒಂದು ಹಾಳೆಯಲ್ಲಿ ಕಾರಣವನ್ನು ಬರೆಯಿರಿ. ಗಂಡ ಹೆಂಡತಿ ಬೇರೆ ಬೇರೆಯಾಗಿ ಬರೆದು ಆಮೇಲೆ ಹೋಲಿಸಿ ನೋಡಿದರೆ ಇನ್ನೂ ಒಳ್ಳೆಯದು. ಸಾಮಾನ್ಯವಾಗಿ ಕೇಳಿಬರುವ ಕಾರಣ, ಇರುವ ನಾಯಿಗೆ ಜೊತೆ ಬೇಕು ಎಂಬುದು. ದಿನಕ್ಕೆ ಎಂಟೊಂಬತ್ತು ಗಂಟೆ ಒಂಟಿಯಾಗಿದ್ದು, ಸಂಜೆ ಸರಿಯಾದ ಸುತ್ತಾಟವೂ ಇಲ್ಲದ ನಾಯಿಗೆ ಮೊದಲು ಬೇಕಾಗಿರುವುದು ನಿಮ್ಮ ಸಮಯ. ಅದನ್ನು ಕೊಡದೆ ಇನ್ನೊಂದನ್ನು ತಂದರೆ ಬೇಸರಗೊಂಡ ಎರಡು ನಾಯಿಗಳಾಗುತ್ತವೆ. ಮಕ್ಕಳಿಗೆ ಜವಾಬ್ದಾರಿ ಕಲಿಸಬೇಕೆಂಬ ಕಾರಣವೂ ನಿಲ್ಲುವುದಿಲ್ಲ, ಏಕೆಂದರೆ ಐದು ವರ್ಷದ ಮಗು ನೀರಿನ ಬಟ್ಟಲು ತುಂಬಬಹುದೇ ಹೊರತು ನಾಯಿಯನ್ನು ಸಾಕಲಾರದು. ಆ ಕೆಲಸ ಪೂರ್ತಿಯಾಗಿ ಹಿರಿಯರದೇ. ಕಾವಲಿಗೆಂದು ತರುವವರು ಮಕ್ಕಳ ಗೆಳೆಯರು, ಹಾಲಿನವರು, ಮನೆಗೆಲಸದವರು ದಿನವೂ ಬಂದು ಹೋಗುವ ಮನೆಯಲ್ಲಿ ಹೊಸಬರನ್ನು ಕಂಡರೆ ಎಗರುವ ನಾಯಿ ನಿಜವಾಗಿ ಬೇಕೇ ಎಂದು ಯೋಚಿಸಬೇಕು.

ಕನಿಕರವನ್ನು ನಾನು ಕೆಟ್ಟ ಕಾರಣವೆನ್ನುವುದಿಲ್ಲ. ನಮ್ಮ ಮೊದಲ ಪ್ರಯತ್ನ ಹುಟ್ಟಿದ್ದೇ ಕನಿಕರದಿಂದ. ಆದರೆ ಒಂದು ಜೀವದ ಮೇಲಿನ ಕನಿಕರ ಇನ್ನೆರಡು ಜೀವಗಳ ನೆಮ್ಮದಿಯನ್ನು ಕೆಡಿಸಬಾರದು. ಇಬ್ಬರು ಬರೆದ ಹಾಳೆಗಳಲ್ಲಿ ಒಬ್ಬರು ಅರೆಮನಸ್ಸಿನವರೆಂದು ಕಂಡರೆ ಇಲ್ಲಿಗೇ ನಿಲ್ಲಿಸಿ. ಎರಡು ದೊಡ್ಡ ನಾಯಿಗಳ ಕೆಲಸ ಒಬ್ಬರ ಉತ್ಸಾಹದ ಮೇಲೆ ಹತ್ತು ವರ್ಷ ನಡೆಯುವುದಿಲ್ಲ.

ಹಂತ 2: ಈಗಿರುವ ನಾಯಿಯನ್ನು ಪರೀಕ್ಷಿಸಿ

ಎರಡನೆಯ ನಾಯಿ ಮೊದಲನೆಯದನ್ನು ನೋಡಿಯೇ ಮನೆಯ ರೀತಿಯನ್ನು ಕಲಿಯುತ್ತದೆ. ಮೊದಲನೆಯದು ಗೇಟಿನ ಬಳಿ ಬೊಗಳುತ್ತ ಓಡುವುದಾದರೆ ಎರಡನೆಯದೂ ಓಡುತ್ತದೆ. ಬೆಲ್ಟನ್ನು ಜಗ್ಗುವುದಾದರೆ ಇಬ್ಬರೂ ಜಗ್ಗುತ್ತಾರೆ. ಆದ್ದರಿಂದ ಒಂದೇ ನಾಯಿಯಲ್ಲಿ ಈಗ ಸಹಿಸಿಕೊಂಡಿರುವ ತೊಂದರೆ ಯಾವುದಿದ್ದರೂ ಅದನ್ನು ಮೊದಲು ಸರಿಪಡಿಸಬೇಕು. ಕರೆದಾಗ ಬರುವುದು, ಹೇಳಿದಾಗ ಕೂರುವುದು, ಬಾಯಲ್ಲಿರುವುದನ್ನು ಬಿಡುವುದು, ತನ್ನ ಚಾಪೆಗೆ ಹೋಗಿ ಮಲಗುವುದು ಎಂಬ ನಾಲ್ಕನ್ನು ಮನೆಯ ಗದ್ದಲದ ನಡುವೆಯೂ ಪಾಲಿಸುವಷ್ಟು ಅದು ಪಳಗಿರಬೇಕು. ಯಾರೂ ಇಲ್ಲದ ಅಂಗಳದಲ್ಲಿ ಪಾಲಿಸಿದರೆ ಸಾಲದು.

ವಯಸ್ಸು ನೋಡಿ. ಒಂದೂವರೆ ವರ್ಷದೊಳಗಿನ ದೊಡ್ಡ ತಳಿಯ ನಾಯಿ ಮೈಯಲ್ಲಿ ಬೆಳೆದಿದ್ದರೂ ಬುದ್ಧಿಯಲ್ಲಿ ಮರಿಯೇ. ಎರಡು ವರ್ಷ ತುಂಬಿ ಸ್ವಭಾವ ನೆಲೆಯಾಗುವವರೆಗೆ ಎರಡನೆಯದರ ಮಾತು ಬೇಡ. ಇನ್ನೊಂದು ತುದಿಯಲ್ಲಿ, ಒಂಬತ್ತು ಹತ್ತು ವರ್ಷದ ಮುದಿ ನಾಯಿಗೆ ಮರಿಯೊಂದು ಬಂದರೆ ಹೊಸ ಹುರುಪು ಬರುತ್ತದೆಂದು ಹಲವರು ನಂಬುತ್ತಾರೆ. ಕೆಲವು ಮನೆಗಳಲ್ಲಿ ಹಾಗೆ ಆಗಲೂಬಹುದು. ಆದರೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಂಥ ತಳಿಗಳಲ್ಲಿ ಸೊಂಟದ ಕೀಲಿನ ದೋಷ ಮತ್ತು ಸಂಧಿವಾತ ಸಾಮಾನ್ಯವಾಗಿರುವುದರಿಂದ, ಏಳಲು ನೋವುಪಡುವ ನಾಯಿಯ ಮೇಲೆ ಇಪ್ಪತ್ತೈದು ಕಿಲೋದ ಎಳೆಯ ನಾಯಿ ಹಾರಿ ಬೀಳುವುದು ಅದಕ್ಕೆ ಹಿಂಸೆಯೇ ಸರಿ. ನೋವಿನಲ್ಲಿರುವ ನಾಯಿ ಸುಲಭವಾಗಿ ಗುರ್ರೆನ್ನುತ್ತದೆ, ಹಾಗೆ ಗುರ್ರೆಂದಾಗ ಪಕ್ಕದಲ್ಲಿ ಮಗುವೇ ಇರಬಹುದು. ಪಶುವೈದ್ಯರಿಂದ ಕೀಲು, ಹಲ್ಲು, ಕಿವಿಗಳನ್ನು ಒಮ್ಮೆ ಪೂರ್ತಿಯಾಗಿ ಪರೀಕ್ಷಿಸಿಕೊಳ್ಳಿ. ಎರಡನೆಯ ಸಲ ನಾವು ಯೋಚಿಸುವಾಗ ಭೀಮನಿಗೆ ಏಳು ವರ್ಷವಾಗಿದ್ದರಿಂದ ಸೊಂಟದ ಎಕ್ಸ್‌ರೇ ತೆಗೆಸಿದ ಬಳಿಕವೇ ಮುಂದುವರಿದೆವು.

ಇದಾದ ಮೇಲೆ ಒಂದು ವಾರ ನಾಯಿಯನ್ನು ಸುಮ್ಮನೆ ಗಮನಿಸಿ. ಮಗು ಹತ್ತಿರ ಬಂದಾಗ ಅದು ಮುಖ ತಿರುಗಿಸುತ್ತದೆಯೇ, ಹಸಿವಿಲ್ಲದೆಯೂ ತುಟಿ ನೆಕ್ಕಿಕೊಳ್ಳುತ್ತದೆಯೇ, ನಿದ್ದೆಯಿಲ್ಲದೆಯೂ ಆಕಳಿಸುತ್ತದೆಯೇ, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಯಾಗಿ ನೋಡುತ್ತದೆಯೇ, ಎದ್ದು ಬೇರೆ ಕೋಣೆಗೆ ಹೋಗುತ್ತದೆಯೇ? ಇವೆಲ್ಲವೂ ‘ನನಗೆ ಸಾಕಾಗಿದೆ’ ಎಂದು ನಾಯಿ ಸೌಜನ್ಯದಿಂದ ಹೇಳುವ ರೀತಿಗಳು. ಮಗುವಿನ ಎಲ್ಲ ಚೇಷ್ಟೆಯನ್ನೂ ಸಹಿಸುವ ‘ಪಾಪದ ನಾಯಿ’ ಎಂದು ನಾವು ಹೊಗಳುವ ಎಷ್ಟೋ ನಾಯಿಗಳು ಈ ಸೂಚನೆಗಳನ್ನು ದಿನಕ್ಕೆ ಹತ್ತಾರು ಸಲ ಕೊಡುತ್ತಲೇ ಇರುತ್ತವೆ. ಒಂದು ನಾಯಿಯ ಸಹನೆ ಈಗಲೇ ಅಂಚಿಗೆ ಬಂದಿದ್ದರೆ ಎರಡನೆಯದನ್ನು ತರುವ ಕಾಲ ಇದಲ್ಲ.

ಕೊನೆಯದಾಗಿ, ಪರಿಚಿತರ ಶಾಂತ ಸ್ವಭಾವದ ನಾಯಿಯೊಂದನ್ನು ಮನೆಗೆ ಕರೆಸಿ. ಬೀದಿಯಲ್ಲಿ ಎಲ್ಲ ನಾಯಿಗಳೊಂದಿಗೆ ಆಡುವ ನಾಯಿಯೂ ತನ್ನ ಮನೆಯೊಳಗೆ, ತನ್ನ ಜನರ ಎದುರು ಬೇರೆಯೇ ಆಗಿರಬಹುದು. ಮೊದಲಿಗೆ ಮಕ್ಕಳು ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಬಟ್ಟಲು ಆಟಿಕೆಗಳನ್ನೆಲ್ಲ ಎತ್ತಿಟ್ಟು ಎರಡು ಗಂಟೆ ನೋಡಿ. ನಿಮ್ಮ ಪಕ್ಕಕ್ಕೆ ಇನ್ನೊಂದು ನಾಯಿ ಬಂದಾಗ ನಿಮ್ಮ ನಾಯಿ ಮೈ ಸೆಟೆದು ನಡುವೆ ನಿಲ್ಲುವುದಾದರೆ, ಅದು ನಿಮ್ಮನ್ನೂ ತನ್ನ ಸ್ವತ್ತಿನಂತೆ ಕಾಯುತ್ತಿದೆ ಎಂದು ತಿಳಿಯಬೇಕು.

ಹಂತ 3: ಮಕ್ಕಳ ವಯಸ್ಸಿಗೆ ಸರಿಯಾಗಿ ಯೋಚಿಸಿ

ಈ ಹಂತಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಚಿಕ್ಕ ಮಕ್ಕಳಿಗೆ ಆಗುವ ನಾಯಿಕಡಿತಗಳಲ್ಲಿ ಬಹುಪಾಲು ಪರಿಚಯದ ನಾಯಿಗಳಿಂದ, ಮನೆಯ ಆವರಣದಲ್ಲೇ ಆಗುತ್ತವೆ. ಮಗುವಿನ ಎತ್ತರ ನಾಯಿಯ ಬಾಯಿಯ ಮಟ್ಟಕ್ಕೇ ಇರುವುದರಿಂದ ಗಾಯ ಹೆಚ್ಚಾಗಿ ಮುಖ, ತಲೆ, ಕುತ್ತಿಗೆಗಳ ಮೇಲೆ ಆಗುತ್ತದೆ. ಹೆದರಿಸಬೇಕೆಂದು ಇದನ್ನು ಬರೆಯುತ್ತಿಲ್ಲ. ‘ನಮ್ಮ ನಾಯಿ ಏನೂ ಮಾಡುವುದಿಲ್ಲ’ ಎಂಬ ನಂಬಿಕೆಯ ಮೇಲೆ ಮನೆಯ ವ್ಯವಸ್ಥೆಯನ್ನು ಕಟ್ಟಬಾರದು ಎಂಬುದಷ್ಟೇ ಇದರ ಅರ್ಥ.

ಮಲಗಿದಲ್ಲೇ ಇರುವ ಕೂಸಿನ ಕಾಲದಲ್ಲಿ ನಾಯಿಗೆ ಮಗು ಒಂದು ಹೊಸ ವಾಸನೆ ಮತ್ತು ಸದ್ದು ಮಾತ್ರ. ಆದರೆ ಆಗ ಹಿರಿಯರಿಗೇ ನಿದ್ದೆಯಿರುವುದಿಲ್ಲ. ಮಗು ಅಂಬೆಗಾಲಿಡಲು ತೊಡಗಿದಾಗಿನಿಂದ ಸುಮಾರು ನಾಲ್ಕು ವರ್ಷದವರೆಗಿನದು ಅತ್ಯಂತ ಕಠಿಣ ಕಾಲ. ಆ ವಯಸ್ಸಿನ ಮಗು ಮಲಗಿದ ನಾಯಿಯ ಮೇಲೆ ಬೀಳುತ್ತದೆ, ಬಾಲ ಹಿಡಿದು ಏಳುತ್ತದೆ, ಬಟ್ಟಲಿಗೆ ಕೈ ಹಾಕುತ್ತದೆ, ಕೈಯಲ್ಲಿ ಸದಾ ಬಿಸ್ಕತ್ತನ್ನೋ ಚಪಾತಿಯ ಚೂರನ್ನೋ ಹಿಡಿದು ನಾಯಿಯ ಮೂಗಿನ ಮುಂದೆಯೇ ತಿರುಗುತ್ತದೆ. ಹೇಳಿದ್ದನ್ನು ಕೇಳುತ್ತದೆ, ಆದರೆ ಮರುಕ್ಷಣ ನೆನಪಿಟ್ಟುಕೊಳ್ಳಲಾರದು. ಐದಾರು ವರ್ಷಕ್ಕೆ ಬಂದ ಮಗು ನಿಯಮವನ್ನು ಪಾಲಿಸುತ್ತದೆ. ಹಾಗಿದ್ದರೂ ಗೆಳೆಯರು ಬಂದ ಸಂಭ್ರಮದಲ್ಲಿ ಮರೆಯುತ್ತದೆ. ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುವುದಾದರೆ, ಮನೆಯ ಅತಿ ಚಿಕ್ಕ ಮಗುವಿಗೆ ನಾಲ್ಕು ತುಂಬುವವರೆಗೆ ಎರಡನೆಯ ದೊಡ್ಡ ನಾಯಿಯನ್ನು ತರದಿರುವುದೇ ಹೆಚ್ಚಿನ ಮನೆಗಳಿಗೆ ಸರಿಯಾದ ಉತ್ತರ.

ಒಂದು ನಾಯಿ ಇದ್ದಾಗಲೂ ಇದೇ ಅಪಾಯವಿತ್ತಲ್ಲ, ಎರಡಾದರೆ ಏನು ವ್ಯತ್ಯಾಸ ಎಂದು ಕೇಳಬಹುದು. ವ್ಯತ್ಯಾಸವಿದೆ. ನಾಲ್ಕು ಜನ ಮತ್ತು ಒಂದು ನಾಯಿ ಇರುವ ಮನೆಯಲ್ಲಿ ಇಬ್ಬಿಬ್ಬರ ನಡುವಿನ ಸಂಬಂಧಗಳು ಹತ್ತು. ಇನ್ನೊಂದು ನಾಯಿ ಬಂದರೆ ಅವು ಹದಿನೈದಾಗುತ್ತವೆ, ಆ ಐದು ಹೊಸ ಸಂಬಂಧಗಳಲ್ಲಿ ಪ್ರತಿಯೊಂದನ್ನೂ ಯಾರಾದರೂ ನೋಡಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾದುದು ಉದ್ರೇಕ. ಒಂಟಿ ನಾಯಿ ಮಗುವನ್ನು ದಾಟಿಕೊಂಡು ಹೋಗುತ್ತದೆ. ಒಂದನ್ನೊಂದು ಅಟ್ಟಿಸಿಕೊಂಡು ನಡುಮನೆಯಿಂದ ಅಡುಗೆಮನೆಗೆ ಓಡುವ ಎರಡು ನಾಯಿಗಳಿಗೆ ದಾರಿಯಲ್ಲಿ ನಿಂತ ಮಗು ಕಾಣಿಸುವುದೇ ಇಲ್ಲ. ಗೇಟಿನಾಚೆ ಬೀದಿನಾಯಿ ಬಂದಾಗ ಅದನ್ನು ತಲುಪಲಾಗದ ಸಿಟ್ಟನ್ನು ಪಕ್ಕದಲ್ಲಿದ್ದ ನಾಯಿಯ ಮೇಲೋ, ನಡುವೆ ಸಿಕ್ಕ ಕಾಲಿನ ಮೇಲೋ ತೀರಿಸಿಕೊಳ್ಳುವುದೂ ಉಂಟು. ಮಗುವಿನ ಕೈಯಲ್ಲಿರುವ ಚಪಾತಿಗಾಗಿ ಒಂದೇ ನಾಯಿ ಇದ್ದಾಗ ಸ್ಪರ್ಧೆಯಿರಲಿಲ್ಲ. ನಮ್ಮ ಮೊದಲ ಪ್ರಯತ್ನ ಮುಗಿದುಹೋದದ್ದು ಇಂಥ ಒಂದು ಚಪಾತಿಯಿಂದಲೇ. ಅದನ್ನು ಮುಂದೆ ಹೇಳುತ್ತೇನೆ.

ಮಕ್ಕಳಿಗೆ ಕಲಿಸಬೇಕಾದ ನಿಯಮಗಳು ಕೆಲವೇ. ಊಟ ಮಾಡುತ್ತಿರುವ, ಮಲಗಿರುವ, ತನ್ನ ಚಾಪೆಯ ಮೇಲಿರುವ ನಾಯಿಯನ್ನು ಮುಟ್ಟಬಾರದು. ನಾಯಿಯನ್ನು ತಬ್ಬಿಕೊಳ್ಳಬಾರದು, ಮುಖಕ್ಕೆ ಮುಖ ಕೊಡಬಾರದು. ನಾಯಿಯ ಮುಂದೆ ಓಡಬಾರದು. ಅದು ಎಗರಿದರೆ ಕೈ ಕಟ್ಟಿ ಮರದಂತೆ ನಿಲ್ಲಬೇಕು. ಈಗಿರುವ ಒಂದು ನಾಯಿಯೊಂದಿಗೆ ಮೂರು ತಿಂಗಳು ಈ ನಿಯಮಗಳು ನಡೆದಿದ್ದರೆ ಮಾತ್ರ ಮಕ್ಕಳು ಸಿದ್ಧರೆಂದು ಎಣಿಸಿ. ನಾಲ್ಕು ವರ್ಷದ ಕೆಳಗಿನವರಿಗೆ ಈ ನಿಯಮಗಳು ಬಾಯಿಪಾಠವಾಗಬಹುದು, ಆದರೆ ರಕ್ಷಣೆಯಾಗುವುದಿಲ್ಲ. ಅವರಿಗೆ ರಕ್ಷಣೆಯೆಂದರೆ ನಡುವೆ ಇರುವ ಗೇಟು ಮತ್ತು ಹಿರಿಯರ ಕಣ್ಣು ಮಾತ್ರ.

ಹಂತ 4: ಹಿರಿಯರ ಕಣ್ಣಿನ ಲೆಕ್ಕ ಹಾಕಿ

‘ನೋಡಿಕೊಳ್ಳುವುದು’ ಎಂದರೆ ಅದೇ ಕೋಣೆಯಲ್ಲಿ ಮೊಬೈಲು ಹಿಡಿದು ಕೂತಿರುವುದಲ್ಲ. ಕೈಗೆಟಕುವಷ್ಟು ಹತ್ತಿರದಲ್ಲಿ, ಮಗು ಮತ್ತು ನಾಯಿ ಎರಡನ್ನೂ ನೋಡುತ್ತ, ಬೇರೆ ಕೆಲಸವಿಲ್ಲದೆ ಇರುವುದು. ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗಿನ ಗಂಟೆಗಳನ್ನು ಒಂದು ಹಾಳೆಯಲ್ಲಿ ಬರೆದು, ಯಾವ ಗಂಟೆಯಲ್ಲಿ ಯಾವ ಹಿರಿಯರು ಇಂಥ ಬಿಡುವಿನಲ್ಲಿರುತ್ತಾರೆಂದು ಒಂದು ವಾರ ಗುರುತು ಹಾಕಿ. ಒಲೆಯ ಮುಂದೆ ನಿಂತಿರುವವರು, ಆಫೀಸಿನ ಕರೆಯಲ್ಲಿರುವವರು ಲೆಕ್ಕಕ್ಕೆ ಬರುವುದಿಲ್ಲ. ಹಾಳೆಯಲ್ಲಿ ಖಾಲಿ ಉಳಿದ ಪ್ರತಿ ಗಂಟೆಯೂ ನಾಯಿಗಳು ಒಂದೆಡೆ, ಮಕ್ಕಳು ಇನ್ನೊಂದೆಡೆ ಇರಬೇಕಾದ ಗಂಟೆ. ಎರಡು ನಾಯಿಗಳೂ ಪರಸ್ಪರ ಹೊಂದಿಕೊಳ್ಳುವವರೆಗೆ ಅವುಗಳಿಗೂ ಬೇರೆ ಬೇರೆ ಜಾಗ ಬೇಕು. ಬಾಗಿಲು ಹಾಕಿ ಬೇರ್ಪಡಿಸಲು ಮೂರು ಭಾಗಗಳು ನಿಮ್ಮ ಮನೆಯಲ್ಲಿ ಇವೆಯೇ ಎಂದು ಈಗಲೇ ನೋಡಿಕೊಳ್ಳಿ. ಎರಡು ಕೋಣೆಯ ಫ್ಲಾಟಿನಲ್ಲಿ ಇದು ಅಸಾಧ್ಯವೇನಲ್ಲ, ಆದರೆ ಬಹಳ ಕಷ್ಟ.

ಸುತ್ತಾಟದ ಲೆಕ್ಕವನ್ನು ಬೇರೆಯಾಗಿ ಹಾಕಬೇಕು. ಭೀಮ ಮೂವತ್ತನಾಲ್ಕು ಕಿಲೋ, ಮೊದಲ ಪ್ರಯತ್ನದಲ್ಲಿ ಬಂದ ಶೆಫರ್ಡ್ ಮಿಶ್ರತಳಿಯ ಹೆಣ್ಣು ಇಪ್ಪತ್ತೆಂಟು; ಒಟ್ಟು ಅರವತ್ತೆರಡು. ನನ್ನ ತೂಕ ಅದಕ್ಕಿಂತ ಕಡಿಮೆ. ಬೀದಿನಾಯಿಗಳ ಗುಂಪು ಎದುರಾಗದ ರಸ್ತೆ ನಮ್ಮ ಬಡಾವಣೆಯಲ್ಲಿ ಒಂದೂ ಇಲ್ಲ. ಹೀಗಾಗಿ ಎರಡನ್ನೂ ಒಬ್ಬರೇ ಕರೆದೊಯ್ಯುವ ಮಾತೇ ಇರಲಿಲ್ಲ, ಮಗುವಿನ ಕೈ ಹಿಡಿದುಕೊಂಡು ಹೋಗುವುದಂತೂ ದೂರ. ಅಂದರೆ ಬೆಳಗ್ಗೆ ಒಂದು ಮತ್ತು ಸಂಜೆ ಒಂದು ಇದ್ದ ಸುತ್ತು ನಾಲ್ಕಾಗುತ್ತದೆ. ಆ ಹೆಚ್ಚಿನ ಒಂದೂವರೆ ಗಂಟೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಹೆಸರು ಹಿಡಿದು ಉತ್ತರ ಬರೆಯಿರಿ.

ಮನೆಯಲ್ಲಿ ಅಜ್ಜಿ ತಾತ ಇದ್ದರೆ ಅವರನ್ನು ಕೇಳದೆ ಮುಂದುವರಿಯಬೇಡಿ. ನುಣುಪಾದ ಟೈಲ್ಸಿನ ಮೇಲೆ ದೊಡ್ಡ ನಾಯಿಯೊಂದು ಕಾಲಿಗೆ ಅಡ್ಡ ಬಂದು ಬಿದ್ದರೆ ಎಪ್ಪತ್ತರ ವಯಸ್ಸಿನಲ್ಲಿ ಸೊಂಟದ ಮೂಳೆಯೇ ಮುರಿಯಬಹುದು. ಮನೆಗೆಲಸಕ್ಕೆ ಬರುವವರನ್ನೂ ಕೇಳಿ. ಒಂದು ನಾಯಿಗೆ ಒಗ್ಗಿಕೊಂಡವರು ಎರಡನೆಯದಕ್ಕೆ ಕೆಲಸ ಬಿಟ್ಟರೆ ಮೇಲೆ ಹಾಕಿದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ದಸರಾ ರಜೆಗೆ ಊರಿಗೆ ಹೋಗುವಾಗ ಎರಡು ದೊಡ್ಡ ನಾಯಿಗಳನ್ನು ಯಾರು ಇಟ್ಟುಕೊಳ್ಳುತ್ತಾರೆ, ದೀಪಾವಳಿಯ ಪಟಾಕಿಗೆ ನಡುಗುವ ಎರಡನ್ನು ಯಾವ ಕೋಣೆಯಲ್ಲಿ ಇರಿಸುವುದು ಎಂಬುದನ್ನೂ ಇದೇ ಹಾಳೆಯಲ್ಲಿ ಬರೆದುಕೊಳ್ಳಿ.

ಹಂತ 5: ಹಣ, ಮನೆ, ಕಾನೂನು

ದೊಡ್ಡ ನಾಯಿಯ ಬಹುತೇಕ ಖರ್ಚು ತೂಕದೊಂದಿಗೆ ಏರುತ್ತದೆ. ಮೂವತ್ತು ಕಿಲೋದ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 1,400 ಕ್ಯಾಲೊರಿ ಬೇಕು. ಒಣ ಆಹಾರದಲ್ಲಿ ಅದು 400 ಗ್ರಾಮಿನಷ್ಟಾಗುತ್ತದೆ, ಅಂದರೆ ತಿಂಗಳಿಗೆ ಹನ್ನೆರಡು ಕಿಲೋ. ನೀವು ಕೊಳ್ಳುವ ಚೀಲದ ಕಿಲೋ ದರದಿಂದ ಗುಣಿಸಿದರೆ ನಿಮ್ಮ ಅಂಕಿ ಸಿಗುತ್ತದೆ. ಜಂತುಹುಳುವಿನ ಮಾತ್ರೆ, ಮೈಗೆ ಹತ್ತುವ ಉಣ್ಣೆಹುಳುವಿನ ಔಷಧಿ, ಶಸ್ತ್ರಚಿಕಿತ್ಸೆಯ ಅರಿವಳಿಕೆ ಇವೆಲ್ಲವೂ ತೂಕದ ಮೇಲೆ ನಿಗದಿಯಾಗುತ್ತವೆ. ಈಗಿರುವ ನಾಯಿಯ ಕಳೆದ ಒಂದು ವರ್ಷದ ಖರ್ಚನ್ನು ಕೂಡಿಸಿ ಎರಡರಿಂದ ಗುಣಿಸಿ, ಒಂದು ಶಸ್ತ್ರಚಿಕಿತ್ಸೆಗೆ ಸಾಕಾಗುವಷ್ಟು ಹಣವನ್ನು ಬೇರೆಯಾಗಿ ಎತ್ತಿಡಲು ಸಾಧ್ಯವೇ ಎಂದು ನೋಡಿ. ಮಕ್ಕಳ ಶಾಲಾ ಶುಲ್ಕದ ತಿಂಗಳಿನಲ್ಲೂ ಈ ಹಣಕ್ಕೆ ಕೈ ಹಾಕಬಾರದು.

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಗಳ ಪ್ರಕಾರ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ. ಹಾಗೆಂದು ಬಾಡಿಗೆ ಮನೆಯ ಮಾಲೀಕರ ಒಪ್ಪಿಗೆಯಿಲ್ಲದೆ ಎರಡನೆಯದನ್ನು ತಂದರೆ, ಮನೆ ಬದಲಿಸುವ ಪ್ರಸಂಗ ಬಂದಾಗ ಮೊದಲು ಬೀದಿಗೆ ಬೀಳುವುದು ಅದೇ ನಾಯಿ. ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಸ್ಥಳೀಯ ಪಾಲಿಕೆಯ ಪರವಾನಗಿ ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತವೆ: 2018ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಒಂದು ಫ್ಲಾಟಿಗೆ ಒಂದೇ ನಾಯಿ ಎಂಬ ನಿಯಮವನ್ನು ಹೊರಡಿಸಿ, ವಿರೋಧ ಬಂದ ಮೇಲೆ ಹಿಂತೆಗೆದುಕೊಂಡಿತು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್ ಸೇರಿದಂತೆ 23 ತಳಿಗಳನ್ನು ಸಾಕದಂತೆ ಸುತ್ತೋಲೆ ಕಳುಹಿಸಿತ್ತು. ಕರ್ನಾಟಕ ಹೈಕೋರ್ಟ್ ಅದನ್ನು ಮರುತಿಂಗಳೇ ರದ್ದುಗೊಳಿಸಿತು. ಕಾನೂನು ಬಿಟ್ಟಿದೆ ಎಂಬ ಮಾತ್ರಕ್ಕೆ ಅಂಥ ಭಾರಿ ಕಾವಲು ತಳಿಯನ್ನು ಪುಟ್ಟ ಮಕ್ಕಳ ಮನೆಗೆ ಎರಡನೆಯ ನಾಯಿಯಾಗಿ ತರಬಹುದೆಂದು ನಾನು ಹೇಳಲಾರೆ.

ಹಂತ 6: ಯಾವ ನಾಯಿ

ಮೇಲಿನ ಐದು ಹಂತಗಳನ್ನು ದಾಟಿದವರು ಮಾತ್ರ ಇಲ್ಲಿಗೆ ಬರಬೇಕು. ಬಹಳ ಮಂದಿ ಈ ಹಂತದಿಂದಲೇ ಆರಂಭಿಸುತ್ತಾರೆ. ಫೋಟೋ ನೋಡಿದ ಮೇಲೆ ಲೆಕ್ಕ ಯಾರಿಗೂ ಸರಿಯಾಗಿ ಬರುವುದಿಲ್ಲ.

ಈಗಿರುವುದಕ್ಕೆ ವಿರುದ್ಧ ಲಿಂಗದ್ದನ್ನು ಆರಿಸುವುದು ಸುರಕ್ಷಿತ. ಒಂದೇ ಮನೆಯ ನಾಯಿಗಳ ನಡುವಿನ ತೀವ್ರ ಜಗಳಗಳು ಒಂದೇ ಲಿಂಗದ ಜೋಡಿಗಳಲ್ಲಿ, ಅದರಲ್ಲೂ ಎರಡು ಹೆಣ್ಣುಗಳಿದ್ದಲ್ಲಿ ಹೆಚ್ಚು. ವಿರುದ್ಧ ಲಿಂಗವಾದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಬೇಕೇ ಬೇಕು. ಬೆದೆಗೆ ಬಂದ ಹೆಣ್ಣಿರುವ ಮನೆಯಲ್ಲಿ ಗಂಡುನಾಯಿ ಮಗುವನ್ನೂ ಲಕ್ಷಿಸುವುದಿಲ್ಲ. ಮರಿ ಚಿಕ್ಕದಿದ್ದಾಗಲೇ ತಂದರೆ ಮಕ್ಕಳೊಂದಿಗೆ ಹೊಂದಿಕೊಳ್ಳುತ್ತದೆ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ದೊಡ್ಡ ತಳಿಯ ಮರಿ ಆರು ತಿಂಗಳಿಗೆ ಇಪ್ಪತ್ತು ಕಿಲೋ ಮೀರುತ್ತದೆ, ಸೂಜಿಯಂಥ ಹಲ್ಲುಗಳಿಂದ ಎಲ್ಲವನ್ನೂ ಕಚ್ಚಿ ನೋಡುತ್ತದೆ, ಅದರ ಸ್ವಭಾವ ಮುಂದೆ ಏನಾಗುತ್ತದೆಂದು ಯಾರಿಗೂ ತಿಳಿಯದು. ಮೂರರಿಂದ ಐದು ವರ್ಷದ, ಮಕ್ಕಳಿರುವ ಮನೆಯಲ್ಲೇ ಬೆಳೆದ, ಸ್ವಭಾವ ಕಣ್ಣಿಗೆ ಕಾಣುವಂತಿರುವ ನಾಯಿ ಹೆಚ್ಚು ಭರವಸೆಯದು. ಅಣ್ಣತಮ್ಮ ಮರಿಗಳನ್ನು ಜೋಡಿಯಾಗಿ ತರುವುದಂತೂ ಬೇಡ.

ತಳಿಯ ಬಗ್ಗೆ ಎರಡು ಮಾತು. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ ನಮ್ಮ ಹವೆಗೆ ಒಗ್ಗಿದ್ದು, ಹಗುರ ಮೈಯದು, ನಾಡಿನ ಹೆಮ್ಮೆಯೂ ಹೌದು; 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿ ಬಂದಿತು. ಆದರೆ ಅದು ಓಡುವುದನ್ನು ಕಂಡರೆ ಬೆನ್ನಟ್ಟುವ ಬೇಟೆನಾಯಿ, ಹಠಾತ್ತಾಗಿ ಮುಟ್ಟಿಸಿಕೊಳ್ಳುವುದನ್ನು ಇಷ್ಟಪಡದ ಸಂಕೋಚದ ಸ್ವಭಾವದ್ದು; ದಿನವೂ ಓಡಲು ಬಯಲಿಲ್ಲದ, ಗದ್ದಲದ ಮಕ್ಕಳ ಮನೆಗೆ ಸರಿಹೋಗುವುದು ಕಷ್ಟ. ಸೇಂಟ್ ಬರ್ನಾರ್ಡ್, ಹಸ್ಕಿಗಳಂಥ ಚಳಿನಾಡಿನ ನಾಯಿಗಳಿಗೆ ನಮ್ಮ ಏಪ್ರಿಲ್ ತಿಂಗಳೇ ಶಿಕ್ಷೆ. ನಮ್ಮ ಮನೆಗೆ ಕೊನೆಗೆ ಬಂದದ್ದು ನಾಲ್ಕು ವರ್ಷದ, ಇಪ್ಪತ್ತೈದು ಕಿಲೋದ, ಯಾವ ತಳಿಯೆಂದು ಹೇಳಲಾಗದ ದೇಸಿ ಹೆಣ್ಣುನಾಯಿ.

ಕೊಡುವವರನ್ನು ಬಿಡಿಸಿ ಕೇಳಿ: ಏಕೆ ಕೊಡುತ್ತಿದ್ದಾರೆ, ಯಾರನ್ನಾದರೂ ಕಚ್ಚಿದೆಯೇ, ಬಟ್ಟಲಿನ ಬಳಿ ಹೋದರೆ ಏನು ಮಾಡುತ್ತದೆ, ಯಾವ ವಯಸ್ಸಿನ ಮಕ್ಕಳೊಂದಿಗೆ ಇತ್ತು, ಎಷ್ಟು ಮನೆ ಬದಲಿಸಿದೆ. ಆರೋಗ್ಯದ ವಿಷಯದಲ್ಲಿ ರೇಬೀಸ್, ಡಿಸ್ಟೆಂಪರ್, ಪಾರ್ವೊ, ಲೆಪ್ಟೊಸ್ಪೈರೋಸಿಸ್ ಲಸಿಕೆಗಳ ಪುಸ್ತಕವನ್ನು ನೋಡಿ, ಉಣ್ಣೆಹುಳುವಿನಿಂದ ಹರಡುವ ಜ್ವರಕ್ಕೆ ರಕ್ತಪರೀಕ್ಷೆ ಮಾಡಿಸಿ. ನಾಯಿಯ ಹೊಟ್ಟೆಯ ದುಂಡುಹುಳುವಿನ ಮೊಟ್ಟೆಗಳು ಮಲದ ಮೂಲಕ ಮಣ್ಣಿಗೆ ಸೇರಿ, ಮಣ್ಣಾಡಿದ ಮಕ್ಕಳ ಕೈಯಿಂದ ಬಾಯಿಗೆ ಹೋಗುತ್ತವೆ. ಆದ್ದರಿಂದ ಮನೆಯೊಳಗೆ ಬಿಡುವ ಮೊದಲೇ ಜಂತುಹುಳುವಿನ ಔಷಧಿ ಕೊಡಿಸಬೇಕು. ಮಕ್ಕಳಿಗೆ ಮುಂಚಿತವಾಗಿಯೇ ಕೊಡುವ ರೇಬೀಸ್ ಲಸಿಕೆಯ ಬಗ್ಗೆ ಮಕ್ಕಳ ವೈದ್ಯರನ್ನು ವಿಚಾರಿಸಿ.

ಹಂತ 7: ದತ್ತು ಪಡೆಯುವ ಮುನ್ನ ಪ್ರಾಯೋಗಿಕ ವಾಸ

ಕೂಡಲೇ ದತ್ತುಪತ್ರಕ್ಕೆ ಸಹಿ ಹಾಕಬೇಡಿ. ಮೂರು ನಾಲ್ಕು ವಾರ ತಾತ್ಕಾಲಿಕವಾಗಿ ಇಟ್ಟುಕೊಳ್ಳುತ್ತೇವೆಂದು ಕೇಳಿ. ಮೊದಲ ಭೇಟಿ ಮನೆಯಲ್ಲಿ ಆಗಬಾರದು. ಎರಡೂ ನಾಯಿಗಳಿಗೆ ಹೊಸದಾದ ಬಯಲಿನಲ್ಲಿ, ಒಂದೊಂದನ್ನು ಒಬ್ಬೊಬ್ಬ ಹಿರಿಯರು ಹಿಡಿದು, ಇಪ್ಪತ್ತು ಅಡಿ ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಸಬೇಕು. ಎರಡೂ ನೆಲ ಮೂಸುತ್ತ, ಮೈ ಸಡಿಲವಾಗಿ ನಡೆಯತೊಡಗಿದರೆ ಅಂತರವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ. ಇಂಥ ಮೂರು ನಾಲ್ಕು ಭೇಟಿಗಳಾಗುವವರೆಗೆ ಮಕ್ಕಳು ಜೊತೆಗಿರಬಾರದು. ಆಮೇಲೆ ಮಕ್ಕಳು ಹೊಸ ನಾಯಿಯನ್ನು ಒಬ್ಬೊಬ್ಬರಾಗಿ, ಭೀಮನಂಥ ಹಳೆಯ ನಾಯಿ ಇಲ್ಲದ ಹೊತ್ತಿನಲ್ಲಿ ನೋಡಲಿ. ಮಗು ಕುಳಿತಿರಲಿ, ನಾಯಿಯೇ ಹತ್ತಿರ ಬರಲಿ ಅಥವಾ ಬರದಿರಲಿ.

ಮನೆಗೆ ಬಂದ ಮೇಲೆ ಮೊದಲ ಮೂರು ದಿನ ಹೊಸ ನಾಯಿಗೆ ಒಂದು ಕೋಣೆ, ಬಾಗಿಲಿಗೆ ಗೇಟು. ಊಟ, ನಿದ್ದೆ, ಮೂಳೆ, ಆಟಿಕೆ ಎಲ್ಲವೂ ಪ್ರತ್ಯೇಕ. ಇಬ್ಬರೂ ಒಟ್ಟಿಗಿರುವ ಹೊತ್ತು ದಿನಕ್ಕೆ ಹತ್ತು ನಿಮಿಷದಿಂದ ಆರಂಭವಾಗಿ ನಿಧಾನವಾಗಿ ಹೆಚ್ಚಬೇಕು. ಮೊದಲ ವಾರದ ಶಾಂತಿಯನ್ನು ನೋಡಿ ನಿರ್ಧರಿಸಬೇಡಿ. ಹೊಸ ಜಾಗದಲ್ಲಿ ನಾಯಿ ಮುದುಡಿಕೊಂಡಿರುತ್ತದೆ. ಅದರ ನಿಜವಾದ ಸ್ವಭಾವ ಎರಡು ಮೂರು ವಾರಗಳಲ್ಲಿ ಹೊರಬರುತ್ತದೆ, ಪೂರ್ತಿ ನೆಲೆಯಾಗಲು ಮೂರು ತಿಂಗಳಾದರೂ ಬೇಕು.

ನಮ್ಮ ಮೊದಲ ಪ್ರಯತ್ನದಲ್ಲಿ ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರ ಭೀಮ ಸಂಜೆ ಮಕ್ಕಳ ಕೋಣೆಗೆ ಬರುವುದನ್ನು ಬಿಟ್ಟು ಊಟದ ಮೇಜಿನ ಕೆಳಗೆ ಮಲಗತೊಡಗಿದ. ನಾವು ಅದನ್ನು ಹೊಂದಾಣಿಕೆ ಎಂದುಕೊಂಡೆವು, ಅದು ಹಿಂಜರಿಕೆಯಾಗಿತ್ತು. ಮೂರನೆಯ ವಾರ ಗೇಟಿಗೆ ಅಗುಳಿ ಹಾಕಲು ಮರೆತಿದ್ದ ಒಂದು ಬೆಳಗ್ಗೆ ಮಗ ಚಪಾತಿ ಹಿಡಿದು ಮೇಜಿನ ಬಳಿಗೆ ನಡೆದ. ಹಿಂದಿನಿಂದ ಶೆಫರ್ಡ್ ಬಂದಳು, ಮೇಜಿನ ಕೆಳಗಿನಿಂದ ಭೀಮ ಗುರ್ರೆಂದ. ಅವನು ಮಗುವಿನ ಮೇಲೆ ಎಂದೂ ಗುರ್ರೆಂದವನಲ್ಲ, ಅಂದೂ ಗುರ್ರೆಂದದ್ದು ಅವಳ ಮೇಲೆಯೇ. ಆದರೆ ಇಬ್ಬರ ನಡುವೆ ನಿಂತಿದ್ದವನು ಎರಡು ವರ್ಷದ ಮಗು. ನನ್ನ ಹೆಂಡತಿ ಅವನನ್ನು ಎತ್ತಿಕೊಂಡಳು, ಏನೂ ಆಗಲಿಲ್ಲ. ಆ ವಾರವೇ ಶೆಫರ್ಡ್‌ಗೆ ಚಿಕ್ಕ ಮಕ್ಕಳಿಲ್ಲದ ಮನೆಯೊಂದನ್ನು ಹುಡುಕಿಕೊಟ್ಟೆವು.

ಗುರ್ರೆಂದದ್ದಕ್ಕೆ ಭೀಮನನ್ನು ನಾವು ಗದರಿಸಲಿಲ್ಲ. ಗುರ್ರೆನ್ನುವುದು ಎಚ್ಚರಿಕೆ, ಅದಕ್ಕೆ ಹೊಡೆದು ಬೈದರೆ ಮುಂದಿನ ಸಲ ನಾಯಿ ಎಚ್ಚರಿಕೆ ಕೊಡದೆಯೇ ಕಚ್ಚಬಹುದು.

ಹಂತ 8: ಕೆಟ್ಟ ಗಳಿಗೆಗೆ ಮೊದಲೇ ಸಿದ್ಧವಾಗಿ

ನಾಯಿಗಳು ಜಗಳಕ್ಕೆ ಬಿದ್ದರೆ ಮೊದಲ ಕೆಲಸ ಮಕ್ಕಳನ್ನು ಎತ್ತಿ ಬೇರೆ ಕೋಣೆಗೆ ಸೇರಿಸಿ ಬಾಗಿಲು ಹಾಕುವುದು, ಬಿಡಿಸುವ ಕೆಲಸ ಆಮೇಲೆ. ಕತ್ತುಪಟ್ಟಿಗೆ ಕೈ ಹಾಕಬೇಡಿ, ಕಚ್ಚಿಸಿಕೊಳ್ಳುವುದು ಹೆಚ್ಚಾಗಿ ಹಾಗೆಯೇ. ದಪ್ಪ ಕಂಬಳಿ ಎಸೆಯಿರಿ, ನೀರು ಸುರಿಯಿರಿ, ಹಲಗೆಯನ್ನೋ ಕುರ್ಚಿಯನ್ನೋ ನಡುವೆ ತೂರಿಸಿ. ಇಬ್ಬರು ಹಿರಿಯರಿದ್ದರೆ ಒಬ್ಬೊಬ್ಬರು ಒಂದೊಂದರ ಹಿಂಗಾಲುಗಳ ಮೇಲ್ಭಾಗವನ್ನು ಹಿಡಿದು ಹಿಂದಕ್ಕೆ ಸರಿಯಬಹುದು. ರಕ್ತ ಬರುವಂಥ ಜಗಳ ಒಮ್ಮೆ ಆಗಿದ್ದರೂ ಪುಟ್ಟ ಮಕ್ಕಳಿರುವ ಮನೆಯಲ್ಲಿ ಆ ಪ್ರಯೋಗ ಮುಗಿಯಿತೆಂದೇ ತಿಳಿಯಿರಿ.

ಮಗುವಿಗೆ ಹಲ್ಲು ತಾಗಿ ಚರ್ಮ ಒಡೆದಿದ್ದರೆ, ಅಥವಾ ಬರಿಯ ಪರಚುಗಾಯವಾಗಿದ್ದರೂ, ಹರಿಯುವ ನೀರು ಮತ್ತು ಸೋಪಿನಿಂದ ಪೂರ್ತಿ 15 ನಿಮಿಷ ತೊಳೆಯಿರಿ. ಅರಿಸಿನ, ಕಾಫಿಪುಡಿ, ಖಾರದಪುಡಿ ಯಾವುದನ್ನೂ ಹಚ್ಚಬೇಡಿ. ನಾಯಿಗೆ ಲಸಿಕೆಯಾಗಿದೆ ಎಂಬ ಧೈರ್ಯದಲ್ಲಿ ಮನೆಯಲ್ಲೇ ಉಳಿಯದೆ ಅದೇ ದಿನ ವೈದ್ಯರ ಬಳಿಗೆ ಹೋಗಿ. ಲಸಿಕೆಯ ಸರಣಿ ಬೇಕೇ, ಗಾಯಕ್ಕೆ ಕೂಡಲೇ ರಕ್ಷಣೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ಬೇಕೇ ಎಂಬುದನ್ನು ಅವರು ನಿರ್ಧರಿಸಲಿ. ಮುಖ ಮತ್ತು ತಲೆಯ ಗಾಯಗಳಲ್ಲಿ ಒಂದು ಗಂಟೆಯೂ ತಡ ಮಾಡಬಾರದು.

ಹಂತ 9: ಉತ್ತರ ‘ಈಗ ಬೇಡ’ ಎಂದಾದರೆ

ಹಾಳೆಗಳನ್ನೆಲ್ಲ ಮುಂದಿಟ್ಟುಕೊಂಡು ನೋಡಿದಾಗ ಒಂದೇ ಒಂದು ಹಂತದಲ್ಲಿ ಉತ್ತರ ಸಂಶಯದ್ದಾಗಿದ್ದರೂ ಮುಂದೂಡಿ, ಮತ್ತೆ ಯೋಚಿಸುವ ತಿಂಗಳನ್ನು ಅದೇ ಹಾಳೆಯ ಕೆಳಗೆ ಬರೆಯಿರಿ. ನಾವು ‘ಮಗನಿಗೆ ಐದು ತುಂಬಿದ ಮೇಲೆ’ ಎಂದು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆವು. ಮಗಳು ಓದಲು ಕಲಿತವಳು, ಅದನ್ನು ತಿಂಗಳಿಗೊಮ್ಮೆ ತಮ್ಮನಿಗೆ ಓದಿ ಹೇಳುತ್ತಿದ್ದಳು. ಆ ಮೂರು ವರ್ಷ ನಾವು ಸುಮ್ಮನಿರಲಿಲ್ಲ. ಭಾನುವಾರ ಬೆಳಗ್ಗೆ ಮಗಳನ್ನು ಕರೆದುಕೊಂಡು ಆಶ್ರಯಧಾಮವೊಂದಕ್ಕೆ ಹೋಗಿ ನಾಯಿಗಳಿಗೆ ನೀರು ತುಂಬಿಸುತ್ತಿದ್ದೆವು. ನಾನು ಅಲ್ಲಿನ ದೊಡ್ಡ ನಾಯಿಗಳನ್ನು ಸುತ್ತಾಡಿಸುತ್ತಿದ್ದೆ, ಒಂದರ ಔಷಧಿಯ ಖರ್ಚನ್ನೂ ನೋಡಿಕೊಂಡೆವು. ಈಗ ನಮ್ಮ ಮನೆಯಲ್ಲಿರುವ ಹೆಣ್ಣುನಾಯಿಯನ್ನು ಮೊದಲು ಕಂಡದ್ದು ಅಲ್ಲಿಯೇ. ತರುವ ಮೊದಲು ಎಂಟು ತಿಂಗಳು ಅವಳನ್ನು ಬಲ್ಲವರಾಗಿದ್ದೆವು.

ಅವಳು ಬಂದು ಒಂದೂವರೆ ವರ್ಷವಾಗಿದೆ. ಭೀಮ ಸಂಜೆ ಮಕ್ಕಳ ಕೋಣೆಯಲ್ಲೇ ಮಲಗುತ್ತಾನೆ, ಅವಳು ಬಾಗಿಲ ಬಳಿ. ಇಬ್ಬರ ಊಟ ಇಂದಿಗೂ ಬೇರೆ ಬೇರೆ ಕೋಣೆಗಳಲ್ಲಿ, ಬಾಗಿಲು ಹಾಕಿದ ಮೇಲೆಯೇ. ಅಡುಗೆಮನೆಯ ಬಾಗಿಲಿಗೆ ಹಾಕಿಸಿದ ಮರದ ಗೇಟನ್ನು ನಾವು ಇನ್ನೂ ತೆಗೆದಿಲ್ಲ. ಅದರ ಅಗುಳಿಯನ್ನು ಮಾತ್ರ ಮಕ್ಕಳ ಕೈಗೆಟಕದಷ್ಟು ಮೇಲಕ್ಕೆ ಹಾಕಿಸಿದ್ದೇವೆ.